ಪಾಕೀಟಿನೊಳಗಿನ ಡಾಕ್ಟರು

ಬೀದರಿನ ನೌಬಾದದ ಕಿರಾಣಿ ಅಂಗಡಿಗಳಲ್ಲಿ ಈಗ ಡಾಕ್ಟರುಗಳೇ ಮಾರಾಟಕ್ಕಿದ್ದಾರೆ. ಎಣ್ಣೆ ಪಾಕೀಟು ಹೃದಯತಜ್ಞ, ಬಿಸ್ಕತ್ತು ಉದರತಜ್ಞ, ಮಾಲ್ಟ್ ಪುಡಿ ಮಕ್ಕಳ ತಜ್ಞ. ಫೀಸು ಎಂಆರ್‌ಪಿಯಲ್ಲೇ ಸೇರಿದೆ.

ಕುಸುಬೆ ಎಣ್ಣೆಯ ಮೇಲೆ ‘ಕೊಲೆಸ್ಟ್ರಾಲ್ ಮುಕ್ತ’ ಎಂದಿದೆ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಗಳಿಂದ ಬರುವ ಆಹಾರದಲ್ಲಿ. ಕುಸುಬೆಗೂ ಅದಕ್ಕೂ ಸಂಬಂಧವೇ ಇಲ್ಲ. ಈ ಲೆಕ್ಕದಲ್ಲಿ ನೌಬಾದದ ಲೇಔಟಿನವರೂ ‘ಸುನಾಮಿ ಮುಕ್ತ ಬಡಾವಣೆ’ ಎಂದು ಬೋರ್ಡು ಹಾಕಿ ಸೈಟಿನ ರೇಟು ಏರಿಸಬಹುದು.

ಮಾಲ್ಟ್ ಪುಡಿಯದ್ದು ಇನ್ನೊಂದು ಕಥೆ. ಸಕ್ಕರೆ ಹೆಚ್ಚೆಂದು ವಿಡಿಯೊ ಒಂದು ಗಲಾಟೆ ಎಬ್ಬಿಸಿದ ಮೇಲೆ ಬೋರ್ನ್‌ವಿಟಾ 100 ಗ್ರಾಂನಲ್ಲಿ 37.4 ಗ್ರಾಂ ಇದ್ದ ಸೇರಿಸಿದ ಸಕ್ಕರೆಯನ್ನು 32.2ಕ್ಕೆ ಇಳಿಸಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇಂಥವನ್ನು ‘ಆರೋಗ್ಯ ಪೇಯ’ದ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಆರೋಗ್ಯ ಪೇಯ ಎಂಬ ಜಾತಿಯೇ ಕಾನೂನಿನಲ್ಲಿ ಇರಲಿಲ್ಲವಂತೆ! ಹಾರ್ಲಿಕ್ಸ್ ಕೂಡಲೇ ‘ಫಂಕ್ಷನಲ್ ನ್ಯೂಟ್ರಿಷನಲ್ ಡ್ರಿಂಕ್’ ಆಯಿತು. ಪುಡಿ ಅದೇ, ಪದವಿ ಬೇರೆ.

ಇನ್ನು ಕ್ಷಾರೀಯ ನೀರಿನ ಯಂತ್ರ. ಇದನ್ನು ಮಾರಲು ಬರುವವರಿಗೆ ಒಂದು ಮಾತು: ಈ ಊರಿನವರ ಕಾಲ ಕೆಳಗೆ ಬಹಮನಿ ಕಾಲದ ಕಾರೇಜು ಇದೆ, ಜಂಬಿಟ್ಟಿಗೆ ಕೊರೆದು ಮಾಡಿದ ನೀರಿನ ಸುರಂಗ. ನೀರಿನ ವಿಷಯದಲ್ಲಿ ನಮಗೆ ಪಾಠ ಬೇಡ್ರಿ. ಎಷ್ಟು ಕ್ಷಾರ ಕುಡಿದರೂ ಹೊಟ್ಟೆಗಿಳಿದ ಕೂಡಲೇ ಅಲ್ಲಿನ ಆಮ್ಲ ಅದರ ಸೊಕ್ಕು ಮುರಿಯುತ್ತದೆ. ಉಳಿಯುವುದು ಯಂತ್ರದ ಕಂತು ಮಾತ್ರ.

ಇದೆಲ್ಲದರ ತಲೆ ಮೇಲೆ ಹೊಡೆದದ್ದು ತುಪ್ಪ. ಭಾಲ್ಕಿ, ಔರಾದ ಕಡೆಯ ಕಪ್ಪು-ಬಿಳುಪು ದೇವಣಿ ಆಕಳು ಅಜ್ಜನ ಕಾಲದಿಂದ ಸುಮ್ಮನೆ ಹಾಲು ಕೊಡುತ್ತಿತ್ತು. ಪಟ್ಟಣದವರು ದೇಸಿ ಆಕಳಿಗೆಲ್ಲ ‘ಎ2’ ಎಂದು ಪಟ್ಟ ಕಟ್ಟಿ ತುಪ್ಪದ ದರ ಸಾವಿರಗಳಿಗೆ ಮುಟ್ಟಿಸಿದರು. ಎ1, ಎ2 ಎಂಬುದು ಬೀಟಾ ಕೇಸಿನ್ ಎಂಬ ಪ್ರೋಟೀನಿನ ವ್ಯತ್ಯಾಸ. ತುಪ್ಪವೋ ಬರೀ ಕೊಬ್ಬು; ಪ್ರೋಟೀನು ಮಜ್ಜಿಗೆಯಲ್ಲಿ, ಚೂರುಪಾರು ಗಸಿಯಲ್ಲಿ ಉಳಿದುಹೋಗಿರುತ್ತದೆ. ಅಂದರೆ ಎ2 ಬೇಕಾದವರು ಹೆಚ್ಚು ದುಡ್ಡು ಕೊಡಬೇಕಾದದ್ದು ಮಜ್ಜಿಗೆಗೆ.

ಆಹಾರ ಸುರಕ್ಷತಾ ಪ್ರಾಧಿಕಾರವೂ ಇದನ್ನೇ ಹೇಳಿ, 2024ರ ಆಗಸ್ಟ್ 21ರಂದು ಹಾಲು, ತುಪ್ಪ, ಬೆಣ್ಣೆಯ ಮೇಲಿನ ಎ1, ಎ2 ಬರಹ ತೆಗೆಯಿರಿ ಎಂದು ಆದೇಶಿಸಿತು. ಸಂಬಂಧಪಟ್ಟವರ ಜೊತೆ ಇನ್ನಷ್ಟು ಮಾತಾಡಬೇಕಿದೆ ಎಂದು 26ರಂದು ಅದನ್ನೇ ವಾಪಸ್ ಪಡೆಯಿತು. ಸಂಬಂಧಪಟ್ಟವರಲ್ಲಿ ಔರಾದದ ಆಕಳು ಇರಲಿಲ್ಲ. ಆದೇಶದ ಆಯುಷ್ಯ ಐದು ದಿನ; ತುಪ್ಪಕ್ಕೆ ತಿಂಗಳುಗಟ್ಟಲೆ ಬಾಳಿಕೆ ಇದೆ.