ಎಪ್ಪತ್ತೇಳು ಮಲೆ, ಎಪ್ಪತ್ತೇಳು ಲೇಯರ್

ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಯ ಡಿಜಿಟಲ್ ಚಿತ್ರಕಲೆಯ ಬಗ್ಗೆ ಒಂದು ಶಾಸ್ತ್ರೀಯ ಬರಹ ಬೇಕಾಗಿತ್ತು. ಬರೆಯುವವರು ಯಾರಾದರೂ ಸಿಗುತ್ತಾರೇನೋ ಎಂದು ಬಹಳ ದಿನ ಕಾದೆ. ನಮ್ಮ ಬೀದಿಯಲ್ಲಿ ಪೆನ್ ಟ್ಯಾಬ್ಲೆಟ್ ಇರುವುದು ನನ್ನೊಬ್ಬನ ಹತ್ತಿರವೇ ಎಂದು ಖಚಿತವಾದ ಮೇಲೆ ತಜ್ಞನ ಹೊಣೆಯನ್ನು ನಾನೇ ಹೊತ್ತುಕೊಂಡೆ. ಹಗಲು ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಲೆ ಏನಿದ್ದರೂ ರಾತ್ರಿ ಮುದ್ದೆ ಉಂಡ ಮೇಲೆ.

ಮೊದಲು ಪರಿಭಾಷೆ ಬಗೆಹರಿಸೋಣ. 'ಡಿಜಿಟಲ್ ಆರ್ಟಿಸ್ಟ್' ಎಂಬುದಕ್ಕೆ ನಮ್ಮ ಕಡೆ ಬಳಕೆಯಲ್ಲಿರುವ ಮಾತು 'ಫೋಟೋ ಕಟ್ ಮಾಡ್ಕೊಡೋನು'. 'ಹವ್ಯಾಸಿ' ಎಂದರೆ ಅದಕ್ಕೆ ದುಡ್ಡು ಇಸಿದುಕೊಳ್ಳದವನು.

ಇನ್ನು ಲೇಯರ್ ತತ್ವ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ನೆಲೆ ಎಪ್ಪತ್ತೇಳು ಮಲೆಗಳ ನಡುವೆ ಎಂಬುದು ಮಕ್ಕಳಿಗೂ ಗೊತ್ತು. ಎದುರಿಗೆ ಕಡುಹಸಿರಿನ ಬೆಟ್ಟ, ಅದರ ಹಿಂದೆ ಮಬ್ಬುಹಸಿರು, ಅದರಾಚೆ ತೆಳುನೀಲಿ, ಅದಕ್ಕೂ ಆಚೆ ಮೋಡವೋ ಬೆಟ್ಟವೋ ತಿಳಿಯದ ಒಂದು ಗೆರೆ. ತಾಳಬೆಟ್ಟ ದಾಟಿದ ಬಸ್ಸು ತಿರುವು ತೆಗೆದುಕೊಳ್ಳುವಾಗ ವಾಂತಿ ಬರದವರಿಗೆ ಇದು ಚೆನ್ನಾಗಿ ಕಾಣುತ್ತದೆ. ಫೋಟೋಶಾಪ್ ಮಾಡಿದವರಿಗೆ ಲೇಯರ್ ಎಂಬ ವಿಚಾರ ಹೊಳೆದದ್ದು 1994ರಲ್ಲಿ, ಮೂರನೇ ಆವೃತ್ತಿಗೆ ಬಂದಾಗ. ಮಾದಪ್ಪನನ್ನು ಹಾಡುವ ನಮ್ಮ ದೇವರಗುಡ್ಡರು ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಮಾದಪ್ಪನ ಕಥೆಯನ್ನು ಸಾಲುಗಳಾಗಿ ವಿಂಗಡಿಸಿಟ್ಟಿದ್ದರು. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಕಂಸಾಳೆಯ ತಾಳ ಕೈಗೆತ್ತಿಕೊಂಡು ಬೇಕಾದ ಸಾಲನ್ನು ಬೇಕಾದ ರಾತ್ರಿ ತೆರೆಯಬಹುದು, ಮಿಕ್ಕವು ಮುಚ್ಚಿಕೊಂಡಿರುತ್ತವೆ. ಅಮೆರಿಕದವರು ಹೊಸದಾಗಿ ಕಂಡುಹಿಡಿದದ್ದು ಅದರ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತು ಮಾತ್ರ.

ಒಂದು ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಗುಡ್ಡರು ಪ್ರತಿ ಸಾಲಿಗೂ ಹೆಸರಿಟ್ಟಿದ್ದಾರೆ. ನನ್ನ ಫೈಲಿನಲ್ಲಿ 'ಲೇಯರ್ 1', 'ಲೇಯರ್ 1 ಕಾಪಿ', 'ಲೇಯರ್ 1 ಕಾಪಿ 2' ಎಂದು ಮುಂದುವರಿಯುತ್ತದೆ. ಹುಲಿಯ ಬಾಲ ಯಾವುದರಲ್ಲಿದೆ ಎಂದು ತಿಳಿಯಲು ಒಂದೊಂದೇ ಕಣ್ಣು ಮುಚ್ಚುತ್ತಾ ಹೋಗಬೇಕು. ಬಾಲ ಮಾಯವಾದಾಗ ಗೊತ್ತಾಗುತ್ತದೆ, ಇದೇ ಬಾಲ.

ಹುಲಿ ಎಂದೆನಲ್ಲ. ನನ್ನ ಮಹಾಕೃತಿ ಅದು, ಹುಲಿವಾಹನ ಮಾದಪ್ಪ. ನಾಲ್ಕು ವರ್ಷದ ಹಿಂದೆ ಶಿವರಾತ್ರಿ ಜಾಗರಣೆಯ ರಾತ್ರಿ ಶುರು ಮಾಡಿದೆ. ಎಪ್ಪತ್ತೇಳು ಮಲೆಗೆ ಎಪ್ಪತ್ತೇಳು ಲೇಯರ್ ಎಂದು ಹರಕೆ ಹೊತ್ತಿದ್ದೆ. ಲೇಯರುಗಳು ತುಂಬಿವೆ, ಚಿತ್ರ ಬಾಕಿ ಇದೆ. ಇದನ್ನು ಸೋಮಾರಿತನ ಎಂದು ಕರೆಯುವವರಿಗೆ ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪವನ್ನು ತೋರಿಸಲು ಇಷ್ಟಪಡುತ್ತೇನೆ. ಅಲ್ಲಿ ಕಲ್ಲಿನಲ್ಲೇ ಬಳೆ ಕೊರೆದು, ಬಳೆಗೆ ಬಳೆ ಕೋದು ಸರಪಳಿ ಮಾಡಿದ್ದಾರೆ. ನೋಡಿದವರೆಲ್ಲ ಆಹಾ ಎನ್ನುತ್ತಾರೆ. ಆದರೆ ಆ ಶಿಲ್ಪಿಯ ಕಷ್ಟ ಯಾರಿಗೂ ತಿಳಿಯದು. ಅವನಿಗೆ ಕಂಟ್ರೋಲ್ ಝಡ್ ಇರಲಿಲ್ಲ. ಒಮ್ಮೆ ಉಳಿ ಇಟ್ಟ ಮೇಲೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ, ಹಾಗಾಗಿ ಬೇರೆ ಗತಿಯಿಲ್ಲದೆ ಮುಗಿಸಿಬಿಟ್ಟ. ನನಗೆ ಆ ಬಲವಂತ ಇಲ್ಲ. ಒಂದು ರಾತ್ರಿ ಹುಲಿಯ ಎಡಗಿವಿಯನ್ನು ಬರೆದು ಅಳಿಸಿ, ಬರೆದು ಅಳಿಸಿ, ಕೋಳಿ ಕೂಗುವ ಹೊತ್ತಿಗೆ ಹಿಂದಿನ ದಿನ ಇದ್ದ ಸ್ಥಿತಿಗೇ ಸುರಕ್ಷಿತವಾಗಿ ಮರಳಿದ್ದೆ.

ಸಲಕರಣೆಗಳ ವಿಷಯ. ನನ್ನ ಪೆನ್ನು 8192 ಮಟ್ಟದ ಒತ್ತಡ ಗ್ರಹಿಸುತ್ತದೆಂದು ಡಬ್ಬಿಯ ಮೇಲೆ ಬರೆದಿದೆ. ಮೂಟೆಗೆ ಮಾರ್ಕ್ ಹಾಕಿ ಪಳಗಿದ ಕೈಗೆ ಅದರಲ್ಲಿ ಎರಡು ಮಟ್ಟ ಒದಗಿವೆ, ಬೀಳುವುದು ಮತ್ತು ಬೀಳದಿರುವುದು. ಉಳಿದ 8190 ಹಾಗೇ ಹೊಸದಾಗಿವೆ, ಯಾರಾದರೂ ಕೊಳ್ಳುವುದಿದ್ದರೆ ತಿಳಿಸಿ. ತಂತ್ರಾಂಶಕ್ಕೆ ಬಂದರೆ, ಕ್ರೀಟಾ ಎಂಬುದೊಂದು ಪುಕ್ಕಟೆ ಸಿಗುತ್ತದೆ. ಸ್ವೀಡಿಷ್ ಭಾಷೆಯಲ್ಲಿ ಆ ಮಾತಿಗೆ ಬಳಪ ಎಂದು ಅರ್ಥವಂತೆ. ನಮ್ಮಲ್ಲಿ 'ಕೃತ' ಎಂದರೆ ಮಾಡಿ ಮುಗಿಸಿದ್ದು. ಅಂಥ ಹೆಸರಿನ ತಂತ್ರಾಂಶವನ್ನು ತೆರೆಯುವ ನೈತಿಕ ಹಕ್ಕು ನನಗಿಲ್ಲವೆಂದು ಒಂದು ವರ್ಷ ದೂರವಿಟ್ಟಿದ್ದೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಬೇರೇನೂ ಓಡದ ಕಾರಣ ಒಪ್ಪಿಕೊಂಡೆ.

ಬ್ರಷ್‌ಗಳದ್ದು ಬೇರೆಯೇ ಕಥೆ. ನಮ್ಮ ಕಾಡಿಗೆ ಲಂಟಾನ ಹೇಗೋ ನನ್ನ ಹಾರ್ಡ್‌ಡಿಸ್ಕಿಗೆ ಬ್ರಷ್ ಹಾಗೆ. ಪುಕ್ಕಟೆ ಎಂದು ಒಂದನ್ನು ಒಳಗೆ ಬಿಟ್ಟೆ, ಈಗ ಕಾಲಿಡಲು ಜಾಗವಿಲ್ಲ. ಜಲವರ್ಣದ್ದು, ಇದ್ದಿಲಿನದ್ದು, ಹೊಗೆಯದ್ದು, ಹುಲ್ಲಿನದ್ದು, ಹುಲಿಯ ಮೀಸೆಗೇ ಪ್ರತ್ಯೇಕವಾದದ್ದು. ಬೆಟ್ಟದ ಸೋಲಿಗರು ಆ ಲಂಟಾನವನ್ನೂ ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ ಮೇಜು ಮಾಡಿ ಮಾರಿದ್ದಾರೆ. ನನ್ನ ಬ್ರಷ್‌ಗಳಿಂದ ಇನ್ನೂ ಒಂದು ಮಣೆಯೂ ಆಗಿಲ್ಲ. ನಾನು ಬಳಸುವುದು ಮೊದಲಿಂದ ಇದ್ದ ದುಂಡನೆಯದ್ದನ್ನೇ.

ವಿದ್ಯುತ್ತಿನ ಪಾತ್ರವನ್ನು ಕಲಾವಿಮರ್ಶಕರು ಕಡೆಗಣಿಸಿದ್ದಾರೆ. 1902ರಲ್ಲಿ ಶಿವನಸಮುದ್ರದ ಕರೆಂಟು ತಂತಿ ಹಿಡಿದು ಕೋಲಾರದ ಚಿನ್ನದ ಗಣಿಯವರೆಗೆ ಹೋಯಿತು. ನಮ್ಮ ಬೀದಿಗೆ ಹೊರಟದ್ದು ಇನ್ನೂ ದಾರಿಯಲ್ಲಿದೆ, ಆಗಾಗ ಕೂತು ಸುಧಾರಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಮೂರು ವರ್ಷವಾಗಿದ್ದರಿಂದ ಅದು ಕೂತಾಗ ನನ್ನ ಹುಲಿಯೂ ಕೂರುತ್ತದೆ. ಒಮ್ಮೆ ಹಾಗೆ ಫೈಲೇ ಕೆಟ್ಟು, ತೆರೆದರೆ ಬರೀ ಬೂದುಬಣ್ಣದ ಚೌಕ. ಬೆಂಗಳೂರಿನಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ. ಕೊಳ್ಳೇಗಾಲದ ಕಡೆಯವನಿಗೆ ಬೇರೆಯವರು ಕೇಳುವ ಪ್ರಶ್ನೆ ಒಂದೇ ತಾನೇ. "ಯಾರೋ ಮಾಟ ಮಾಡ್ಸಿರ್ಬೇಕು, ನಿಮ್ ಕಡೇಲಿ ಅದು ಸುಲಭ ಅಲ್ವಾ" ಎಂದ. ಇಂಥ ಮೂಢನಂಬಿಕೆಯನ್ನು ತಜ್ಞನಾದವನು ಖಂಡಿಸಬೇಕು, ಖಂಡಿಸಿದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಈಗ ಇರುವ ನಿಂಬೆಹಣ್ಣು ಪಾನಕಕ್ಕೆಂದು ತಂದದ್ದು.

ಈಗ ಹುಲಿ. ಹುಲಿವಾಹನದ ಚಿತ್ರಕ್ಕೆ ಮಾದರಿ ಬೇಕಲ್ಲ. 2023ರ ಮಾರ್ಚಿನಲ್ಲಿ ಮಾದಪ್ಪನ ಬೆಟ್ಟದ ಮೇಲೆ 108 ಅಡಿಯ ಪ್ರತಿಮೆ ಉದ್ಘಾಟನೆಯಾಯಿತು, ಹುಲಿಯ ಮೇಲೆ ಕೂತ ಮಾದಪ್ಪ. ಬಸ್ಸು ಹತ್ತಿ ಹೋಗಿ ಬುಡದಲ್ಲಿ ನಿಂತು ಫೋಟೋ ತೆಗೆದೆ. ಬುಡದಿಂದ ತೆಗೆದರೆ ಹುಲಿಯ ಗದ್ದ ಬರುತ್ತದೆ, ದೂರದಿಂದ ತೆಗೆದರೆ ಯಾರದೋ ಸೆಲ್ಫಿ ಕೋಲು ಬರುತ್ತದೆ. ಜೀವಂತ ಹುಲಿಗಳೂ ಸುತ್ತಿನ ಕಾಡಿನಲ್ಲಿವೆ, 2013ರಲ್ಲಿ ಅದು ವನ್ಯಜೀವಿಧಾಮವಾಗಿದೆ. ಅವು ಎದುರಿಗೆ ಸಿಕ್ಕಿದರೂ ಅಧ್ಯಯನಕ್ಕೆ ಸಾಕಷ್ಟು ಸಮಯ ಕೊಡುತ್ತವೆಂಬ ನಂಬಿಕೆ ನನಗಿಲ್ಲ. ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ, ಒಂದೇ ಹುಲಿಯ ಎಡಮಗ್ಗುಲಿನಂತೆ ಬಲಮಗ್ಗುಲು ಇರುವುದಿಲ್ಲ, ಅರಣ್ಯ ಇಲಾಖೆಯವರು ಕ್ಯಾಮೆರಾ ಕಟ್ಟಿ ಪಟ್ಟೆ ನೋಡಿಯೇ ಲೆಕ್ಕ ಹಿಡಿಯುತ್ತಾರೆ. ನಾನು ಎಡಮಗ್ಗುಲು ಬರೆದು, ಕಾಪಿ ಮಾಡಿ, ಬಲಕ್ಕೆ ಮಗುಚಿ ಹಾಕಿದ್ದೇನೆ. ಆದ್ದರಿಂದ ನನ್ನ ಹುಲಿ ಯಾವ ಗಣತಿಗೂ ಸಿಗುವುದಿಲ್ಲ.

ಅವ್ವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಬೆಕ್ಕು ಚೆನ್ನಾಗದ ಕನಪ್ಪ. ಮಾದಪ್ಪನ್ನ ಯಾಕ್ ಅದ್ರ ಮ್ಯಾಲ ಕೂರ್ಸಿದ್ದೀಯೆ?" ಎಂದಳು. ಅಂದೇ ಅಕ್ಕನ ಮಗ ಮೊಬೈಲಿನಲ್ಲಿ ಎಐಗೆ ಒಂದು ಸಾಲು ಹೇಳಿ ಹುಲಿವಾಹನ ಮಾದಪ್ಪನನ್ನು ತರಿಸಿ ಸ್ಟೇಟಸ್ಸಿಗೂ ಹಾಕಿಬಿಟ್ಟ. ಕೈಬೆರಳು ಎಣಿಸಿದೆ, ಆರಿದ್ದವು. ಆದರೆ ಹುಲಿ ಹುಲಿಯಂತೆಯೇ ಇತ್ತೆಂಬುದನ್ನು ದಾಖಲಿಸದಿದ್ದರೆ ಈ ಅಧ್ಯಯನಕ್ಕೆ ಅರ್ಥವಿಲ್ಲ.

ಇಷ್ಟೆಲ್ಲ ಖಾಸಗಿ ಸಾಧನೆಯಾಯಿತು. ಈ ಸೀಮೆಯ ಡಿಜಿಟಲ್ ಕಲೆ ಸಾರ್ವಜನಿಕವಾಗಿ ಬೆಳಗುವುದು ಜಾತ್ರೆಯ ಬ್ಯಾನರಿನಲ್ಲಿ. ದೀಪಾವಳಿ, ಶಿವರಾತ್ರಿ, ಯುಗಾದಿ ಹತ್ತಿರ ಬಂದರೆ ಸಾಕು, ಹುಡುಗರು ಬೈಕಿನಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಅಣ್ಣ, ಪಾದಯಾತ್ರೆಯವರಿಗೆ ಸ್ವಾಗತ ಬ್ಯಾನರ್. ವಸಿ ಫೋಟೋ ಅವೆ." ವಸಿ ಎಂದರೆ ನಲವತ್ತಮೂರು. ಅದರಲ್ಲಿ ಹತ್ತು ಆಧಾರ್ ಕಾರ್ಡಿನಿಂದ ಕತ್ತರಿಸಿದವು, ಎರಡು ಮದುವೆ ಊಟದ ಪಂಕ್ತಿಯವು, ಒಂದರಲ್ಲಿ ಎಲೆ ಮುಂದೆ ಕೂತವರ ಬಾಯಲ್ಲಿ ಹಪ್ಪಳ ಇನ್ನೂ ಇದೆ. ಇವರೆಲ್ಲರನ್ನೂ ಎಂಟು ಅಡಿ ಹತ್ತು ಅಡಿಯಲ್ಲಿ ಕೂರಿಸಬೇಕು. ಮುಖದ ಅಳತೆ ಸ್ಥಾನಮಾನಕ್ಕೆ ತಕ್ಕಂತೆ. ಪುರಾತನ ಈಜಿಪ್ಟಿನ ಚಿತ್ರಗಳಲ್ಲಿ ಅರಸನನ್ನು ದೊಡ್ಡದಾಗಿಯೂ ಆಳುಗಳನ್ನು ಗೇಣುದ್ದವೂ ಬರೆಯುತ್ತಿದ್ದುದು ಇದೇ ಸೂತ್ರದಿಂದ, ಆದರೆ ಅಲ್ಲಿ ಯಾವ ಆಳೂ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಅವನ್ಗಿಂತ ನನ್ ಮಕ ಯಾಕಣ್ಣ ಸಣ್ಣದು" ಎಂದು ಕೇಳುತ್ತಿರಲಿಲ್ಲ. ಮಾದಪ್ಪನಿಗೆ ಜಾಗ ಎಡಮೂಲೆಯಲ್ಲಿ, ಉಳಿದರೆ.

ಬಣ್ಣದ ವಿಷಯದಲ್ಲಿ ನಮ್ಮ ಶೈಲಿ ಸಂಯಮಕ್ಕೆ ಹೆಸರಾದದ್ದು. ಪರದೆಯಲ್ಲಿ ಒಂದು ಕೋಟಿ 67 ಲಕ್ಷ 77 ಸಾವಿರದ 216 ಬಣ್ಣ ಸಿದ್ಧವಿದ್ದರೂ ನಾವು ಹಳದಿ ಕೆಂಪಿನಾಚೆ ಹೋಗುವುದಿಲ್ಲ. ಪರದೆ ಬಣ್ಣ ಕಲಸುವುದು ಬೆಳಕಿನಿಂದ, ಪ್ರಿಂಟಿನ ಯಂತ್ರ ಕಲಸುವುದು ನಾಲ್ಕು ಶಾಯಿಯಿಂದ. ಹಾಗಾಗಿ ಮನೆಯಲ್ಲಿ ಚಿನ್ನದಂತಿದ್ದ ಹುಲಿ ಫ್ಲೆಕ್ಸಿನ ಮೇಲೆ ರಾಗಿಮುದ್ದೆಯ ಬಣ್ಣಕ್ಕೆ ಬಂತು. ಊರಿನವರು ಇದನ್ನು ಮಣ್ಣಿನ ಸೊಗಡು ಎಂದು ಮೆಚ್ಚಿದರು.

ನನ್ನ ಮುಖ್ಯ ಸಂಶೋಧನೆ ಇರುವುದು ಅಕ್ಷರದಲ್ಲಿ. ಕೆಲವು ಹಳೇ ವಿದೇಶಿ ತಂತ್ರಾಂಶಗಳಲ್ಲಿ ಕನ್ನಡ ಯೂನಿಕೋಡ್ ಅಂಟಿಸಿದರೆ, ಒಳಗೊಂದು ಮೂಲೆಯಲ್ಲಿ ಅಡಗಿರುವ ಆಯ್ಕೆಯೊಂದನ್ನು ಬದಲಿಸದ ಹೊರತು, ಒತ್ತಕ್ಷರ ಕಳಚಿ ಬೀಳುತ್ತದೆ. 'ಮಹದೇಶ್ವರ' ಹೋಗಿ 'ಮಹದೇಶ್‌ವರ' ಆಗುತ್ತದೆ, 'ಜಾತ್ರೆ' ಹೋಗಿ 'ಜಾತ್‌ರೆ'. ಹಳೇ 'ನುಡಿ' ಫಾಂಟಿನ ಅಕ್ಷರ ಹಾಕಿದರೆ ನನ್ನಲ್ಲಿ ಸರಿ, ಪ್ರಿಂಟಿನವನಲ್ಲಿ ಆ ಫಾಂಟ್ ಇಲ್ಲದೆ ಇಡೀ ಸ್ವಾಗತ ಇಂಗ್ಲಿಷ್ ಅಕ್ಷರಗಳ ಪಿತ್ತ ಕಕ್ಕುತ್ತದೆ. ಹೋಗಲಿ 'ಮಾದಪ್ಪ' ಎಂದು ಸರಳವಾಗಿ ಹಾಕೋಣವೆಂದರೆ 'ಮಾದಪ್‌ಪ'. ರಾತ್ರಿ ಎರಡು ಗಂಟೆಗೆ ಈ ಸಂಕಟದಲ್ಲಿರುವಾಗ ದೂರದಲ್ಲಿ ಪಾದಯಾತ್ರೆಯವರ ಕೂಗು ಕೇಳಿಸಿತು, ಉಘೇ ಉಘೇ ಮಾದೇವ. ರೋಮಾಂಚನವಾಯಿತು. ಉಘೇ, ಒತ್ತಿಲ್ಲ. ಮಾದೇವ, ಒತ್ತಿಲ್ಲ. ಏಳುಮಲೆ, ಒತ್ತಿಲ್ಲ. ಜನಪದರು ಮಹದೇಶ್ವರನನ್ನು ಮಾದೇವ ಎಂದು ಕರೆದದ್ದು ಉಚ್ಚಾರಣೆಯ ಸುಲಭಕ್ಕೆಂದು ಭಾಷಾವಿಜ್ಞಾನಿಗಳು ಹೇಳಿಯಾರು. ಫಾಂಟಿನ ತೊಂದರೆಯನ್ನು ಅವರು ನೂರಾರು ವರ್ಷ ಮೊದಲೇ ಮುಂಗಂಡಿದ್ದರು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾನರಿನಲ್ಲಿ ಒತ್ತಿಲ್ಲದ ಆ ನಾಲ್ಕು ಮಾತು ಮಾತ್ರ ಹಾಕಿದೆ. ನಲವತ್ತಮೂರು ಜನರ ಹೆಸರಲ್ಲಿ ಒತ್ತಿದ್ದವರಿಗೆ ಇನಿಷಿಯಲ್ ಕೊಟ್ಟು ಸಮಾಧಾನ ಮಾಡಿದೆ.

ಸಂಭಾವನೆಯ ಕುರಿತು ಹೆಚ್ಚು ಹೇಳಲಾರೆ. ಭಿಕ್ಷೆಗೆ ಬಂದ ಮಾದಪ್ಪನಿಗೇ ಬೇವಿನಹಟ್ಟಿ ಕಾಳಮ್ಮ ಇಲ್ಲವೆಂದು ಅಂದಳು, ನಾನು ಯಾವ ಲೆಕ್ಕ. ಗಡಿಯಾಚೆ ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ಗೆಳೆಯರ ಬಾವುಟಕ್ಕೆಂದು ಕೇಸರಿ ಕಪ್ಪಿನಲ್ಲಿ ಒಂದು ಹನುಮನ ಮುಖ ಬರೆದುಕೊಟ್ಟರು. ಅದು ದೇಶದ ಕಾರುಗಳ ಹಿಂಗಾಜನ್ನೆಲ್ಲ ಹತ್ತಿತು, 2018ರಲ್ಲಿ ಪ್ರಧಾನಿಯೇ ಮಂಗಳೂರಿನ ಸಭೆಯಲ್ಲಿ ಹೊಗಳಿದರು. ಬೆಟ್ಟಕ್ಕೆ ಬರುವ ಟೆಂಪೋಗಳಲ್ಲೂ ಅದೇ ಹನುಮ. ತಾಳಬೆಟ್ಟದಲ್ಲಿ ನಿಂತು ಒಬ್ಬ ಡ್ರೈವರನ್ನು ಕೇಳಿದೆ, ಇದನ್ನು ಬರೆದವರು ಯಾರು ಗೊತ್ತಾ? "ಸ್ಟಿಕ್ಕರ್ ಅಂಗ್ಡಿಯವ್ನು" ಎಂದ. ನನ್ನ ಹುಲಿಗೂ ಅಂಥ ಕಾಲ ಬರಬಹುದೆಂದು ಬ್ಯಾನರಿನ ಮೂಲೆಯಲ್ಲಿ ಸಣ್ಣಗೆ ಸಹಿ ಹಾಕಿದ್ದೆ. ಕಂಬಕ್ಕೆ ಕಟ್ಟುವಾಗ ಹಗ್ಗಕ್ಕೆ ತೂತು ಕೊರೆದದ್ದು ಸರಿಯಾಗಿ ಅಲ್ಲಿಗೇ.

ಆ ಬ್ಯಾನರ್ ನನ್ನ ಕೃತಿಗಳಲ್ಲಿ ಮುಗಿದ ಒಂದೇ ಒಂದು ಕೃತಿ. ಹಾಗಾಗಿ ಅದರ ಸಂರಕ್ಷಣೆಯ ವಿವರ ಕೊಟ್ಟು ನಿಲ್ಲಿಸುತ್ತೇನೆ. ಜಾತ್ರೆ ಮುಗಿದ ಮೂರನೇ ದಿನ ಚಿಕ್ಕಪ್ಪ ಅದನ್ನು ಬಿಚ್ಚಿಕೊಂಡು ಹೋಗಿ ಹಿತ್ತಲಿನ ಹುಲ್ಲುಮೆದೆಗೆ ಹೊದಿಸಿದರು. ನಲವತ್ತಮೂರು ಮುಖ ಒಳಮಗ್ಗುಲಿಗೆ, ಹುಲಿ ಇರುವ ಮೂಲೆ ಮಾತ್ರ ಹೊರಕ್ಕೆ ಮಡಚಿಕೊಂಡಿದೆ. ಎರಡು ಮಳೆಗಾಲ ಕಳೆದರೂ ಒಂದು ಹನಿ ಇಳಿದಿಲ್ಲ. ಹೋದ ತಿಂಗಳು ಆ ಮೂಲೆಯ ಕೆಳಗೇ ಪಕ್ಕದ ಮನೆಯ ಬೆಕ್ಕು ಬಂದು ಮೂರು ಮರಿ ಹಾಕಿದೆ.