ಕೆಬಿ ಮೀಮಾಂಸೆ ಅಥವಾ ಭಾವಚಿತ್ರ ರೂಪಾಂತರ ವಿಚಾರ

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಗ್ರಂಥದ ವಿಷಯ, ಒಂದು ಕುಲದ, ಅಂದರೆ ಫಾರ್ಮ್ಯಾಟಿನ, ಫೋಟೋ ಫೈಲನ್ನು ಆನ್‌ಲೈನಿನಲ್ಲಿ ಇನ್ನೊಂದು ಕುಲಕ್ಕೆ ಸೇರಿಸುವುದು. ಪ್ರಯೋಜನ, ಅರ್ಜಿ ಮುಂದಿನ ಪುಟಕ್ಕೆ ಹೋಗುವುದು. ಸಂಬಂಧ, ಫೋಟೋಗೂ ಅದರೊಳಗಿನ ಮುಖಕ್ಕೂ ಇರುವಂಥದ್ದು. ರೂಪಾಂತರ ಮುಗಿಯುವ ಹೊತ್ತಿಗೆ ಎಷ್ಟು ಉಳಿದಿರುತ್ತದೋ ಅಷ್ಟು. ಇನ್ನು ಅಧಿಕಾರಿ. ಫೀಸು ಕಟ್ಟಿದವನು, ಓಟಿಪಿ ಪಡೆದವನು, ಜಾತಿ ಪ್ರಮಾಣಪತ್ರದ ಆರ್.ಡಿ. ನಂಬರನ್ನು ತಪ್ಪಿಲ್ಲದೆ ಹೊಡೆದವನು, ಕೊನೆಯ ದಿನಾಂಕದ ರಾತ್ರಿ ಹನ್ನೊಂದೂವರೆಗೆ ಫೋಟೋ ಕಲಂನಲ್ಲಿ ಸಿಕ್ಕಿಬಿದ್ದವನು ಯಾರೋ ಅವನೇ ಈ ಗ್ರಂಥಕ್ಕೆ ಅಧಿಕಾರಿ. ಬಿಡುಗಡೆಯ ಹಂಬಲ ಅವನಲ್ಲಿ ಸ್ವಾಭಾವಿಕವಾಗಿಯೇ ಉಕ್ಕುತ್ತಿರುವುದರಿಂದ ಅದನ್ನು ಬೋಧಿಸುವ ಅಗತ್ಯವಿಲ್ಲ. ಈ ಗ್ರಂಥದಲ್ಲಿ ಅವನನ್ನು ಮುಮುಕ್ಷು ಎಂದೇ ಕರೆಯುತ್ತೇವೆ.

ಕೆಲವು ಗ್ರಂಥಕರ್ತರು ಸಿದ್ಧಾಂತವನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುತ್ತಾರೆ. ನಮ್ಮ ಓದುಗನಿಗೆ ಅಷ್ಟು ಸಮಯವಿಲ್ಲ. ಸರ್ವರ್ ಹನ್ನೆರಡಕ್ಕೆ ಮುಚ್ಚುತ್ತದೆ. ಆದ್ದರಿಂದ ಈಗಲೇ ಹೇಳಿಬಿಡುತ್ತೇವೆ: ಫೋಟೋ ಇರುವುದು ಅಪ್‌ಲೋಡ್ ಆಗುವುದಕ್ಕೆ. ನೋಡುವ ಕೆಲಸ ಯಾವ ಹಂತದಲ್ಲೂ ಯಾರಿಗೂ ವಹಿಸಿಲ್ಲ. ಮಿಕ್ಕಿದ್ದೆಲ್ಲ ವ್ಯಾಖ್ಯಾನ.

ಈ ಶಾಸ್ತ್ರಕ್ಕೆ ಆಧಾರವಾದ ಶ್ರುತಿವಾಕ್ಯ ಅರ್ಜಿ ಸ್ವೀಕರಿಸುವ ಪೋರ್ಟಲ್ಲಿನಲ್ಲಿ ಕೆಂಪಕ್ಷರದಲ್ಲಿರುತ್ತದೆ. ಜೆಪಿಜಿ ಮಾತ್ರ, 20 ಕೆಬಿಗಿಂತ ಹೆಚ್ಚು, 50 ಕೆಬಿಗಿಂತ ಕಡಿಮೆ. ಶ್ರುತಿ ಅಪೌರುಷೇಯವಾದ್ದರಿಂದ ಇದನ್ನು ಯಾರು ನಿರ್ಧರಿಸಿದರು ಎಂದು ಕೇಳುವಂತಿಲ್ಲ. ಆದರೆ ಲೆಕ್ಕ ಹಾಕಬಹುದು. 12 ಮೆಗಾಪಿಕ್ಸೆಲ್ ಫೋನು ಒಂದು ಸಲ ಕಣ್ಣು ಮಿಟುಕಿಸಿದರೆ 1.2 ಕೋಟಿ ಚುಕ್ಕೆಗಳು ಹುಟ್ಟುತ್ತವೆ. ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟಿನಂತೆ 3.6 ಕೋಟಿ ಬೈಟು, ಅಂದರೆ 36 ಎಂಬಿ. ಪೋರ್ಟಲ್ ಬಯಸುವುದು ಇದರ 720ರಲ್ಲಿ ಒಂದು ಪಾಲನ್ನು. ಉಳಿದ 719 ಪಾಲು ಎಲ್ಲಿ ಹೋಗಬೇಕು? ಈ ಶಾಸ್ತ್ರ ಹುಟ್ಟಿದ್ದೇ ಈ ಪ್ರಶ್ನೆಯಿಂದ.

ವಂಶಾವಳಿಯಿಂದ ಪ್ರಾರಂಭಿಸೋಣ. ಜೆಪಿಜಿಯ, ಅಂದರೆ ಜೆಪೆಗ್ ಕುಲದ, ಬೇರನ್ನು ಕೆದಕುತ್ತ ಹೋದರೆ ಅದು ಬೆಂಗಳೂರಿಗೆ ಬಂದು ನಿಲ್ಲುತ್ತದೆ. ಎಲ್ಲದರ ಮೂಲವೂ ನಮ್ಮಲ್ಲೇ ಎನ್ನುವ ಪಂಡಿತರ ಚಾಳಿ ಇದೆಂದು ಓದುಗರು ಅನುಮಾನಿಸಬಾರದು. ಈ ಒಂದು ಸಲ ಅದು ನಿಜ. ನಾಸಿರ್ ಅಹ್ಮದ್ ಎಂಬವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ವಿಶ್ವೇಶ್ವರಯ್ಯನವರು ಕಟ್ಟಿದ, ಈಗ ಯುವಿಸಿಇ ಎಂದು ಕರೆಯುವ ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, ಚಿತ್ರವನ್ನು ಕೊಸೈನ್ ಅಲೆಗಳಾಗಿ ಒಡೆದು ಕುಗ್ಗಿಸಬಹುದೇ ಎಂದು ನೋಡಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯದ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ವಿಚಾರ ತೀರಾ ಸರಳವಾಗಿದೆ ಎಂಬ ಅರ್ಥದ ಷರಾವನ್ನು ಪರಿಶೀಲಕರೊಬ್ಬರು ಬರೆದಿದ್ದರೆಂದು ಅವರೇ ಮುಂದೆ ನೆನೆದಿದ್ದಾರೆ. ದುಡ್ಡಿಲ್ಲದಿದ್ದರೂ ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಪ್ರಬಂಧ ಒಟ್ಟು ನಾಲ್ಕು ಪುಟ. ನಾಲ್ಕು ಅನುಬಂಧಗಳನ್ನು ಹೇಳುವುದಕ್ಕೇ ಒಂದಿಡೀ ಪ್ಯಾರಾ ಖರ್ಚು ಮಾಡಿದ ನಮ್ಮಂಥವರಿಗೆ ಇಷ್ಟು ಚಿಕ್ಕ ಪ್ರಬಂಧವನ್ನು ಪ್ರಬಂಧವೆಂದು ಒಪ್ಪಿಕೊಳ್ಳುವುದು ಕಷ್ಟ; ನಮ್ಮ ಪಿಎಚ್‌ಡಿ ಗ್ರಂಥಗಳಲ್ಲಿ ಕೃತಜ್ಞತೆಗಳೇ ಅದಕ್ಕಿಂತ ಉದ್ದವಿರುತ್ತವೆ. ಆದರೂ 1986ರಲ್ಲಿ ಕೂಡಿದ ಛಾಯಾಚಿತ್ರ ತಜ್ಞರ ಜಂಟಿ ತಂಡವು ಆ ನಾಲ್ಕು ಪುಟಗಳನ್ನೇ ತಳಪಾಯವಾಗಿಟ್ಟುಕೊಂಡು 1992ರಲ್ಲಿ ಜೆಪೆಗ್ ಎಂಬ ಮಾನಕವನ್ನು ಕಟ್ಟಿತು.

ಇದರಿಂದ ಒಂದು ಮಹತ್ತ್ವದ ನಿರ್ಣಯಕ್ಕೆ ಬರಬಹುದು. ಜೆಪೆಗ್‌ನ ಜಾತಕದಲ್ಲಿಯೇ ತಿರಸ್ಕೃತ ಅರ್ಜಿಯ ಯೋಗವಿದೆ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರುಗಳ ಪಕ್ಕದ ಸೈಬರ್ ಸೆಂಟರಿನಲ್ಲಿ ಹುಡುಗನೊಬ್ಬನ ಮುಖಕ್ಕೆ ಈ ರಾತ್ರಿ ‘ಇನ್‌ವ್ಯಾಲಿಡ್ ಫೈಲ್’ ಎಂಬ ಉತ್ತರ ಬರುತ್ತಿದ್ದರೆ ಅದಕ್ಕೆ ಅವನು ಹೊಣೆಯಲ್ಲ, ಪೋರ್ಟಲ್ಲೂ ಹೊಣೆಯಲ್ಲ. ಅದು ವಂಶದೋಷ. ಶಾಂತಿ ಮಾಡಿಸಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಈಗ ತ್ಯಾಗಪ್ರಕ್ರಿಯೆ. ಜೆಪೆಗ್ ಮೊದಲು ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸುತ್ತದೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತಕ್ಕೆ ಚುರುಕು, ಬಣ್ಣದ ಸೂಕ್ಷ್ಮಕ್ಕೆ ಮಂದ. ಆದ್ದರಿಂದ ಸಾಮಾನ್ಯವಾಗಿ ಬಣ್ಣದ ನಾಲ್ಕರಲ್ಲಿ ಮೂರು ಪಾಲನ್ನು ಅಲ್ಲೇ ಬಿಟ್ಟುಬಿಡುತ್ತದೆ. ನಂತರ ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಉದ್ದದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ 64 ಸಂಖ್ಯೆಗಳನ್ನು ಅಹ್ಮದ್ ಅವರ ವಿಧಾನದಿಂದ 64 ಅಲೆಗಳ ಲೆಕ್ಕಕ್ಕೆ ತಿರುಗಿಸುತ್ತದೆ. ಈ ತಿರುಗಿಸುವಿಕೆಯಲ್ಲಿ ಪಾಪವೇನೂ ಇಲ್ಲ. ಬೇಕಾದರೆ ಹಿಂದಕ್ಕೆ ಬರಬಹುದು. ದೊಡ್ಡ ಪಾಪ ಮುಂದಿನ ಹೆಜ್ಜೆಯಲ್ಲಿದೆ. ಪ್ರತಿ ಸಂಖ್ಯೆಯನ್ನೂ ಒಂದು ಕೋಷ್ಟಕದ ಪ್ರಕಾರ ಭಾಗಿಸಿ, ಹತ್ತಿರದ ಪೂರ್ಣಾಂಕವನ್ನಷ್ಟೇ ಇಟ್ಟುಕೊಂಡು, ಉಳಿದ ಚೂರನ್ನು ಬಿಸಾಡುತ್ತದೆ. ಸಣ್ಣಪುಟ್ಟ ಅಲೆಗಳೆಲ್ಲ ಸೊನ್ನೆಯಾಗುತ್ತವೆ. ಸೊನ್ನೆಗಳ ಸಾಲನ್ನು ‘ಇಲ್ಲಿ ಇಷ್ಟು ಸೊನ್ನೆ’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಫೈಲು ಸಣ್ಣದಾಗುವುದು ಹೀಗೆ. 50 ಕೆಬಿಗಾಗಿ ಅತಿಯಾಗಿ ಹಿಂಡಿದರೆ ಕೆನ್ನೆಯ ಮೇಲೆ ಚೌಕಗಳು ಕಾಣಿಸಿಕೊಳ್ಳುತ್ತವೆ, ಕೂದಲಿನ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಗುಂಯ್‌ಗುಡುತ್ತವೆ. ತಜ್ಞರು ಈ ಎರಡನೆಯದಕ್ಕೆ ಸೊಳ್ಳೆ ನಾಯ್ಸ್ ಎಂದೇ ಹೆಸರಿಟ್ಟಿದ್ದಾರೆ. ಬೆಂಗಳೂರಿನ ಮೂಲಕ್ಕೆ ಇದಕ್ಕಿಂತ ಬಲವಾದ ಆಂತರಿಕ ಸಾಕ್ಷ್ಯ ಬೇಕೆ?

ಇಲ್ಲಿ ಪುನರ್ಜನ್ಮವಾದಿಗಳ ಪೂರ್ವಪಕ್ಷವೊಂದಿದೆ. ಜೆಪಿಜಿಯನ್ನು ಪಿಎನ್‌ಜಿಗೆ ಬದಲಿಸಿದರೆ ಹೋದ ಸ್ಪಷ್ಟತೆ ಮರಳಿ ಬರುತ್ತದೆ, ಏಕೆಂದರೆ ಪಿಎನ್‌ಜಿ ಏನನ್ನೂ ಕಳೆದುಕೊಳ್ಳದ ಕುಲ ಎಂದು ಅವರ ವಾದ. ಪಿಎನ್‌ಜಿ ಏನನ್ನೂ ಕಳೆಯುವುದಿಲ್ಲ ಎಂಬುದು ನಿಜ. ಅದು ಹುಟ್ಟಿದ್ದೇ ಸಿಟ್ಟಿನಿಂದ: 1987ರಲ್ಲಿ ಕಂಪ್ಯೂಸರ್ವ್ ಹೊರತಂದ ಗಿಫ್ ಕುಲದೊಳಗಿನ ಕುಗ್ಗಿಸುವ ತಂತ್ರಕ್ಕೆ ಯೂನಿಸಿಸ್ ಕಂಪನಿಯ ಪೇಟೆಂಟ್ ಇದ್ದು, 1994ರ ಕೊನೆಯಲ್ಲಿ ಸುಂಕದ ಮಾತು ಬಂದಾಗ ರೊಚ್ಚಿಗೆದ್ದವರು ಸೇರಿ ಕಟ್ಟಿದ್ದು ಅದು, 1996ರಲ್ಲಿ ಅಂತರಜಾಲದ ಮಾನಕವಾಯಿತು. ಆದರೆ ಅದು ಕಾಪಾಡುವುದು ತನ್ನ ಕೈಗೆ ಬಂದದ್ದನ್ನು ಮಾತ್ರ. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆಯನ್ನು ಬೆಳ್ಳಿಯ ಕರಂಡಕದಲ್ಲಿಟ್ಟರೆ ರಸ ಊರುವುದಿಲ್ಲ; ಸಿಪ್ಪೆ ಮಾತ್ರ ಚಿರಕಾಲ ಉಳಿಯುತ್ತದೆ. ಮುಮುಕ್ಷುವಿನ ಕೆನ್ನೆಯ ಚೌಕಗಳು, ಸೊಳ್ಳೆಗಳು ಎಲ್ಲವೂ ಒಂದೂ ನಷ್ಟವಾಗದೆ ಪಿಎನ್‌ಜಿಯಲ್ಲಿ ಭದ್ರವಾಗುತ್ತವೆ, ಫೈಲು ಮಾತ್ರ ಹಲವು ಪಟ್ಟು ಊದಿಕೊಳ್ಳುತ್ತದೆ. ಆಗ ಅವನು ಅದನ್ನು ಮತ್ತೆ ಜೆಪಿಜಿ ಮಾಡುತ್ತಾನೆ. ಮತ್ತೆ ಕುಗ್ಗಿಸುತ್ತಾನೆ. ಸಂಸಾರಚಕ್ರವೆಂದರೆ ಇದೇ.

ಇನ್ನೊಂದು ಮತ ನಾಮವಾದಿಗಳದು. ಫೈಲಿನ ಹೆಸರಿನ ಬಾಲವನ್ನು ಕತ್ತರಿಸಿ ಡಾಟ್ ಜೆಪಿಜಿ ಎಂದು ಅಂಟಿಸಿದರೆ ಸಾಕು, ಕನ್ವರ್ಟ್ ಏಕೆ ಎನ್ನುತ್ತಾರೆ ಅವರು. ಇವರನ್ನು ತಳ್ಳಿಹಾಕುವುದು ಅಂದುಕೊಂಡಷ್ಟು ಸುಲಭವಲ್ಲ. ಫೈಲಿನ ನಿಜವಾದ ಕುಲ ಅದರ ಮೊದಲ ಕೆಲವು ಬೈಟುಗಳಲ್ಲಿದೆ: ಜೆಪೆಗ್ ಆದರೆ ಎಫ್‌ಎಫ್ ಡಿ8 ಎಂದು ತೊಡಗುತ್ತದೆ, ಪಿಎನ್‌ಜಿಯ ಎರಡರಿಂದ ನಾಲ್ಕನೆಯ ಬೈಟು ಪಿ, ಎನ್, ಜಿ ಅಕ್ಷರಗಳೇ. ಹೆಸರು ಬದಲಿಸಿದರೆ ಇವು ಬದಲಾಗುವುದಿಲ್ಲ. ಆದರೆ ದ್ವಾರಪಾಲಕರಲ್ಲಿ ಎರಡು ಬಗೆ. ಬೈಟು ನೋಡುವವರು ಕೆಲವರು, ಹೆಸರು ಕೇಳಿ ಒಳಗೆ ಬಿಡುವವರು ಕೆಲವರು. ಎರಡನೆಯವರ ಬಾಗಿಲಲ್ಲಿ ನಾಮಮಾತ್ರದಿಂದಲೇ ಮುಕ್ತಿ. ಹರಿದಾಸರು ಹೇಳಿದ್ದನ್ನು ತಂತ್ರಾಂಶದವರು ಸಾಧಿಸಿ ತೋರಿಸಿದ್ದಾರೆ. ಇನ್ನು ಜೆಪಿಜಿ, ಜೆಪಿಇಜಿ ಎಂಬ ಎರಡು ಬಾಲಗಳ ವಿಷಯ: ಹಳೆಯ ಡಾಸ್‌ನಲ್ಲಿ ಬಾಲಕ್ಕೆ ಮೂರೇ ಅಕ್ಷರದ ಮಿತಿಯಿದ್ದದ್ದರಿಂದ ಒಂದಕ್ಕೇ ಎರಡು ಹೆಸರಾಯಿತು, ವಸ್ತು ಒಂದೇ. ಇದನ್ನು ಅದ್ವೈತಿಗಳು ಒಪ್ಪುತ್ತಾರೆ. ಜೆಪಿಜಿಗೆ ಹೌದು, ಜೆಪಿಇಜಿಗೆ ಇಲ್ಲ ಎನ್ನುವ ಪೋರ್ಟಲ್‌ಗಳು ಉಡುಪಿಯ ಕಡೆಯವಿರಬೇಕು.

ಐಫೋನ್ ಇರುವವರ ಕಷ್ಟ ಬೇರೆ. 2017ರ ಐಒಎಸ್ 11ರಿಂದ ಅದು ಎಚ್‌ಇಐಸಿ ಎಂಬ ಕುಲದಲ್ಲಿ ಚಿತ್ರ ಹಡೆಯುತ್ತದೆ. ಸುಮಾರು ಅರ್ಧ ಜಾಗ, ಅಷ್ಟೇ ಅಂದ. ಆದರೆ ನಮ್ಮ ದ್ವಾರಪಾಲಕರಲ್ಲಿ ಹೆಚ್ಚಿನವರು ಅದನ್ನು ಗುರುತಿಸುವುದಿಲ್ಲ. ಲಕ್ಷ ರೂಪಾಯಿಯ ಫೋನು ಹಿಡಿದವನು ಹತ್ತು ಸಾವಿರದ ಫೋನಿನವನ ಹಿಂದೆ ಸಾಲಿನಲ್ಲಿ ನಿಲ್ಲುವ ಅಪರೂಪದ ಸಾಮಾಜಿಕ ನ್ಯಾಯವನ್ನು ಇಲ್ಲಿ ಕಾಣಬಹುದು. ಫೋನಿನ ಸೆಟ್ಟಿಂಗ್ಸಿನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅದರೊಳಗೆ ‘ಮೋಸ್ಟ್ ಕಂಪ್ಯಾಟಿಬಲ್’ ಎಂದು ಆರಿಸಿಕೊಂಡರೆ ಜೆಪಿಜಿಯೇ ಬರುತ್ತದೆ, ಆದರೆ ಈ ಜ್ಞಾನ ಫೋಟೋ ತೆಗೆದಾದ ಮೇಲೆಯೇ ಉದಯಿಸುವುದು. ಸೈಬರ್ ಸೆಂಟರಿನವರಲ್ಲಿ ಲಘುಮಾರ್ಗವಿದೆ.

“ಅಕ್ಕ, ಇದ್ಯಾಕೋ ತಗೋತಿಲ್ಲ.”

“ನನ್ ವಾಟ್ಸಾಪಿಗೆ ಹಾಕಪ್ಪ. ಅದೇ ಜೆಪಿಜಿ ಆಗಿ ಬರುತ್ತೆ.”

ಇದು ಶಾಸ್ತ್ರಸಮ್ಮತ. ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಜೆಪೆಗ್ ಮಾಡಿ, ಕುಗ್ಗಿಸಿ, ಎಲ್ಲಿ ತೆಗೆದದ್ದೆಂಬ ಸ್ಥಳದ ಗುರುತನ್ನೂ ಅಳಿಸಿ ಮುಟ್ಟಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ನಾಲ್ಕು ಪುಟದ ಪ್ರಬಂಧದ ನಂತರ ಈ ಕ್ಷೇತ್ರದಲ್ಲಿ ಬಂದ ಅತಿ ಸಂಕ್ಷಿಪ್ತ ಕೊಡುಗೆ ಅಕ್ಕನ ಎರಡು ವಾಕ್ಯಗಳೇ.

ಕನ್ವರ್ಟರ್ ಜಾಲತಾಣಗಳಿಗೆ ಹೋಗುವವರು ಮಾಯೆಯನ್ನು ದಾಟಬೇಕಾಗುತ್ತದೆ. ಪುಟದ ತುಂಬ ಹಸಿರು ಡೌನ್‌ಲೋಡ್ ಗುಂಡಿಗಳು. ಒಂದು ಸತ್ಯ, ಉಳಿದವು ಜಾಹೀರಾತು. ಫೈಲನ್ನು ಒಂದು ಗಂಟೆಯಲ್ಲಿ ಅಳಿಸುತ್ತೇವೆ ಎಂಬ ಆಶ್ವಾಸನೆಯನ್ನು ಪ್ರತ್ಯಕ್ಷದಿಂದಲೂ ಅನುಮಾನದಿಂದಲೂ ಸಾಧಿಸಲಾಗದು. ಅದಕ್ಕೆ ಶ್ರದ್ಧೆಯೊಂದೇ ಪ್ರಮಾಣ. ಇಂಥ ಬಿಟ್ಟಿ ಕನ್ವರ್ಟರ್‌ಗಳ ವೇಷದಲ್ಲಿ ಕಳ್ಳ ತಂತ್ರಾಂಶ ನುಗ್ಗುತ್ತದೆಂದು ಅಮೆರಿಕದ ಎಫ್‌ಬಿಐ 2025ರ ಮಾರ್ಚ್‌ನಲ್ಲಿ ಎಚ್ಚರಿಸಿತು. ಗೂಗಲ್‌ನವರ ಸ್ಕ್ವೂಶ್‌ನಂಥ ಕೆಲವು ತಾಣಗಳು ಚಿತ್ರವನ್ನು ಎಲ್ಲಿಗೂ ಕಳಿಸದೆ ಬ್ರೌಸರಿನೊಳಗೇ ಕೆಲಸ ಮುಗಿಸುತ್ತವೆ. ಪುಟ ತೆರೆದ ಮೇಲೆ ನೆಟ್ ಆಫ್ ಮಾಡಿ ನೋಡಬೇಕು. ಆಗಲೂ ಕನ್ವರ್ಟ್ ಆದರೆ ಅದು ಸಜ್ಜನ. ಆಧಾರ್ ಕಾರ್ಡಿನ ಎರಡೂ ಮಗ್ಗುಲನ್ನು ಊರು ಹೆಸರಿಲ್ಲದ ತಾಣಕ್ಕೆ ಏರಿಸಿ, ಆಮೇಲೆ ಅದೇ ಆಧಾರಿನ ಝೆರಾಕ್ಸ್ ಮೇಲೆ ಬಿದ್ದ ಒಂದು ಗೀಟಿಗಾಗಿ ಅಂಗಡಿಯವನೊಂದಿಗೆ ಜಗಳವಾಡುವವರನ್ನು ನಾವು ಕಂಡಿದ್ದೇವೆ. ಇರಲಿ.

ಎಲ್ಲ ದಾಟಿ ಬಂದಾಗ ಫೋಟೋ 18 ಕೆಬಿಗೆ ಇಳಿದಿರುತ್ತದೆ. ಶ್ರುತಿಯ ಪ್ರಕಾರ 20 ಆದರೂ ಇರಬೇಕು! ಇದಕ್ಕೆಂದೇ ‘ಕೆಬಿ ಹೆಚ್ಚಿಸುವ’ ತಾಣಗಳಿವೆ. ಜೆಪೆಗ್ ಎಫ್‌ಎಫ್ ಡಿ9 ಎಂಬ ಗುರುತಿನೊಂದಿಗೆ ಮುಗಿಯುತ್ತದೆ; ಅದರಾಚೆ ಏನಿದ್ದರೂ ಚಿತ್ರ ಬಿಡಿಸುವ ತಂತ್ರಾಂಶ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಆ ಗುರುತಿನ ನಂತರ ಎರಡು ಸಾವಿರ ಚಿಲ್ಲರೆ ಸೊನ್ನೆಗಳನ್ನು ಸುರಿದರೆ ಕೆಲಸವಾಯಿತು. ಮುಖ ಅದೇ, ತೂಕ ಹೆಚ್ಚು. ಶೂನ್ಯವಾದಿಗಳು ಶತಮಾನಗಟ್ಟಲೆ ವಾದಿಸಿ ಒಪ್ಪಿಸಲಾಗದ್ದನ್ನು ಪೋರ್ಟಲ್ ಒಂದೇ ಕ್ಲಿಕ್ಕಿಗೆ ಒಪ್ಪಿಕೊಳ್ಳುತ್ತದೆ.

ಉಳಿದದ್ದು ಸಹಿ; 10ರಿಂದ 20 ಕೆಬಿ. ಮುಮುಕ್ಷು ಬಿಳಿ ಹಾಳೆಯ ಮೇಲೆ ಕಪ್ಪು ಇಂಕಿನಲ್ಲಿ ಸಹಿ ಮಾಡಿ ಫೋಟೋ ತೆಗೆಯುತ್ತಾನೆ. ಟ್ಯೂಬ್‌ಲೈಟಿನಡಿ ಅವನದೇ ಕೈಯ ನೆರಳು ಬಿದ್ದು ಹಾಳೆ ಬೂದಿ ಬಣ್ಣವಾಗಿರುತ್ತದೆ. ಹಿನ್ನೆಲೆ ಅಳಿಸುವ ತಾಣಕ್ಕೆ ಏರಿಸುತ್ತಾನೆ. ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಕೈಗೆ ಬರುತ್ತದೆ. ಪೋರ್ಟಲ್‌ಗೆ ಜೆಪಿಜಿ ಬೇಕು. ಜೆಪೆಗ್ ಕುಲದಲ್ಲಿ ಪಾರದರ್ಶಕತೆ ಎಂಬ ಗುಣವೇ ಇಲ್ಲ, ಖಾಲಿ ಜಾಗಕ್ಕೆ ಕನ್ವರ್ಟರ್ ಏನಾದರೂ ಬಣ್ಣ ತುಂಬಬೇಕು. ಬಿಳಿ ತುಂಬುವ ವಿವೇಕಿಗಳಿದ್ದಾರೆ. ಕೆಲವು ಕನ್ವರ್ಟರ್‌ಗಳು ಪಾರದರ್ಶಕತೆಯ ಲೆಕ್ಕವನ್ನು ಕೈಬಿಟ್ಟು, ಅದರಡಿಯಲ್ಲಿದ್ದ ಸೊನ್ನೆ, ಸೊನ್ನೆ, ಸೊನ್ನೆಯನ್ನು ಬಣ್ಣವೆಂದೇ ಓದಿಕೊಳ್ಳುತ್ತವೆ, ಆ ಬಣ್ಣ ಕಪ್ಪು. ಕಪ್ಪು ನೆಲದ ಮೇಲೆ ಕಪ್ಪು ಸಹಿ ಸಿದ್ಧವಾಗುತ್ತದೆ. ಎಲ್ಲವೂ ಕಪ್ಪಾದ್ದರಿಂದ ಅಹ್ಮದ್ ಅವರ ಅಲೆಗಳು ಬಹುತೇಕ ಸೊನ್ನೆಯಾಗಿ ಫೈಲು ಹತ್ತು ಕೆಬಿಯನ್ನೂ ಮುಟ್ಟುವುದಿಲ್ಲ. ಗಾತ್ರ ಸಾಲದೆಂದು ಪೋರ್ಟಲ್ ತಿರಸ್ಕರಿಸುತ್ತದೆ. ಮುಮುಕ್ಷು ಕೆಬಿ ಹೆಚ್ಚಿಸುವ ತಾಣಕ್ಕೆ ಹೋಗಿ ಕತ್ತಲಿಗೆ ಸೊನ್ನೆ ತುಂಬಿಸಿಕೊಂಡು ಬರುತ್ತಾನೆ. ಕುಲ ಸರಿ. ಅಳತೆ ಸರಿ. ತೂಕ ಸರಿ. ಹಸಿರು ಟಿಕ್ ಬೀಳುತ್ತದೆ. ಕೆಳಗೆ ಕಪ್ಪು ಡಬ್ಬಿಯೊಂದು ಕಾಣಿಸುತ್ತದೆ. ಪ್ರಿವ್ಯೂ ಇನ್ನೂ ಲೋಡ್ ಆಗಿಲ್ಲವೆಂದುಕೊಂಡು ಅವನು ಸಬ್‌ಮಿಟ್ ಒತ್ತುತ್ತಾನೆ.