ಜಕೂಜಿ ಮೀಮಾಂಸೆ: ಆಡೂರು ಪಾಠ

ಶಾಸ್ತ್ರ ಬರೆಯಲು ಕೂತವನು ಮೊದಲು ನಾಲ್ಕು ಕಂದಾಯ ಕಟ್ಟಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ, ಗೋಡೆಯ ತೂತುಗಳಿಂದ ನೀರು-ಗಾಳಿ ಚಿಮ್ಮುವ ಸ್ನಾನದ ತೊಟ್ಟಿಯನ್ನು ಮನೆಯಲ್ಲೇ ಸ್ವಚ್ಛವಾಗಿಡುವ ಕ್ರಮ. ಪ್ರಯೋಜನ, ಮೈ ತೊಳೆಯಲು ಇಳಿದವನು ಇನ್ನಷ್ಟು ಹತ್ತಿಸಿಕೊಂಡು ಏಳದಿರುವುದು. ಸಂಬಂಧ, ಕಟ್ಟಿಸಿದ ಮಗ ಬೆಂಗಳೂರಿನಲ್ಲಿ, ತೊಟ್ಟಿ ಹಾನಗಲ್ಲ ತಾಲೂಕಿನ ಆಡೂರಿನಲ್ಲಿ, ನಡುವೆ ಮೊಬೈಲು. ಅಧಿಕಾರಿಯ ವಿಚಾರದಲ್ಲಿ ಮಾತ್ರ ತೊಡಕು. ತೊಟ್ಟಿಯಲ್ಲಿ ಕೂಡುವ ಅಧಿಕಾರ ಮನೆಮಂದಿಗೆಲ್ಲ ಇದೆ. ಅದನ್ನು ತಿಕ್ಕುವ ಅಧಿಕಾರವನ್ನು ಇದುವರೆಗೆ ಒಬ್ಬರೂ ಕೇಳಿ ಪಡೆದಿಲ್ಲ.

ಈ ತೊಡಕು ಹೊಸದಲ್ಲ. ಹಾನಗಲ್ಲಿನ ಕದಂಬರು ಯಾರಿಗೆ ಮಾಂಡಲಿಕರಾಗಿದ್ದರೋ ಆ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನು ರಾಜಭೋಗಗಳಲ್ಲಿ ಒಂದೆಂದು ವಿಸ್ತಾರವಾಗಿ ವರ್ಣಿಸಿದ್ದಾನೆ. ಎಣ್ಣೆ ತಿಕ್ಕುವವರಿದ್ದಾರೆ, ನೀರು ಹೊಯ್ಯುವವರಿದ್ದಾರೆ. ಜಿಡ್ಡು ಹಿಡಿದ ನೆಲವನ್ನು ಆಮೇಲೆ ತೊಳೆಯುವುದು ಯಾವ ಭೋಗ? ದೊರೆ ಎದ್ದು ಮುಂದಿನ ಭೋಗಕ್ಕೆ ಹೊರಟುಹೋಗುತ್ತಾನೆ. ಆ ನೆಲದ ಹತ್ತಿರ ಬಕೆಟ್ಟು ಹಿಡಿದು ನಿಂತವರ ಪರವಾಗಿ ಈ ಪ್ರಬಂಧ.

ವಸ್ತುವಿನ ವಂಶಾವಳಿ ನೋಡಿದರೆ ಆಡೂರಿನವರು ಅದನ್ನು ಪರಕೀಯವೆಂದು ಭಾವಿಸಬೇಕಾಗಿಲ್ಲ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಜಕೂಜಿ ಅಣ್ಣತಮ್ಮಂದಿರು 1915ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಾರ್ಖಾನೆ ಇಟ್ಟದ್ದು ವಿಮಾನದ ಪ್ರೊಪೆಲ್ಲರ್ ಮಾಡಲಿಕ್ಕೆ. 1921ರಲ್ಲಿ ಅವರ ವಿಮಾನವೊಂದು ಬಿದ್ದು, ಸತ್ತವರಲ್ಲಿ ಅಣ್ಣತಮ್ಮಂದಿರಲ್ಲೊಬ್ಬನೂ ಇದ್ದ. ಆಕಾಶದ ಸಹವಾಸ ಬಿಟ್ಟವರು ಬಾವಿಗೆ ಇಳಿದರು. ಆ ದಶಕದಲ್ಲೇ ಕೃಷಿಗೆ ನೀರೆತ್ತುವ ಜೆಟ್ ಪಂಪು ತಯಾರಿಸಿದರು. ಇಕ್ಕಟ್ಟಾದ ಮೂತಿಯಿಂದ ನೀರನ್ನು ಜೋರಾಗಿ ದೂಡಿದರೆ ಅಲ್ಲಿ ಒತ್ತಡ ತಗ್ಗುತ್ತದೆ, ತಗ್ಗಿದಲ್ಲಿಗೆ ಪಕ್ಕದ್ದು ನುಗ್ಗುತ್ತದೆ. ಜೆಟ್ ಪಂಪಿನಲ್ಲಿ ಹಾಗೆ ನುಗ್ಗುವುದು ಬಾವಿಯ ನೀರು, ತೊಟ್ಟಿಯಲ್ಲಿ ಗಾಳಿ. ಆದ್ದರಿಂದ ಹಿತ್ತಲ ಬಾವಿಗೆ ಜೆಟ್ ಪಂಪು ಕೂಡಿಸಿದ ಪ್ರತಿಯೊಬ್ಬನೂ ಈ ಭೋಗದ ಅರ್ಧ ದಾರಿ ಸವೆಸಿದ್ದಾನೆ. ಉಳಿದರ್ಧ, ಬಾವಿಗೆ ಬಿಸಿನೀರು ತುಂಬಿ ಇಳಿಯುವುದು.

ಸೋದರರಲ್ಲಿ ಕಿರಿಯವ ಕ್ಯಾಂಡಿಡೊ, ಸಂಧಿವಾತದಿಂದ ನರಳುತ್ತಿದ್ದ ಮಗನಿಗಾಗಿ ಮನೆಯ ತೊಟ್ಟಿಯಲ್ಲಿ ಇಳಿಬಿಡುವ ಪಂಪೊಂದನ್ನು ಮಾಡಿದ. ಅದು 1956ರಲ್ಲಿ ಜೆ-300 ಎಂಬ ಹೆಸರಿನಿಂದ ಪೇಟೆಗೆ ಬಂತು. ಅಲ್ಲಿಯವರೆಗೆ ಧರ್ಮ ನಾಲ್ಕೂ ಕಾಲಲ್ಲಿ ನಿಂತಿತ್ತು: ಪಂಪನ್ನು ಹೊರಗೆತ್ತಿ ತೊಳೆಯಬಹುದು, ತೊಟ್ಟಿಯನ್ನು ತಿಕ್ಕಬಹುದು. 1968ರಲ್ಲಿ ಅದೇ ಮನೆತನದ ರಾಯ್ ಜಕೂಜಿ ಪಂಪು, ಪೈಪು, ಜೆಟ್ಟು ಎಲ್ಲವನ್ನೂ ತೊಟ್ಟಿಯ ಮೈಯೊಳಗೇ ಹುದುಗಿಸಿದ. ಅಲ್ಲಿಂದ ಕಲಿಯುಗ.

ಏಕೆಂದರೆ ತೂಬು ತೆಗೆದಾಗ ತೊಟ್ಟಿ ಬರಿದಾಗುತ್ತದೆ, ಪೈಪು ಪೂರ್ತಿ ಬರಿದಾಗುವುದಿಲ್ಲ. ಡೊಂಕುಗಳಲ್ಲಿ ಉಳಿದ ನೀರಿಗೆ ಸೋಪು, ಮೈಯ ಜಿಡ್ಡು, ಉದುರಿದ ಚರ್ಮ ಸೇರಿ, ಸೂಕ್ಷ್ಮಾಣುಗಳು ಲೋಳೆಯ ಹೊದಿಕೆ ಹೊದ್ದು ಸಂಸಾರ ಹೂಡುತ್ತವೆ. ಮುಂದಿನ ಸ್ನಾನಕ್ಕೆ ಗುಂಡಿ ಒತ್ತಿದೊಡನೆ ಆ ಸಂಸಾರ ಕರಿ ಚಕ್ಕೆಗಳಾಗಿ ಎದುರಿಗೆ ತೇಲಿಬರುತ್ತದೆ. ಇದರಲ್ಲಿ ಸ್ಯೂಡೊಮೊನಾಸ್ ಎಂಬುದು ಸೇರಿಕೊಂಡರೆ ಕೂದಲ ಬುಡದಲ್ಲೆಲ್ಲ ಕೆಂಪು ಗುಳ್ಳೆ. ಬೆಂಗಳೂರಿನ ಮಗ ಆ ಕರಿ ಚಕ್ಕೆಗಳನ್ನು ವಿಡಿಯೊ ಕಾಲಿನಲ್ಲಿ ನೋಡಿ ‘ಅದು ಮಿನರಲ್’ ಎಂದು ತೀರ್ಪು ಕೊಟ್ಟ. ಪ್ರತ್ಯಕ್ಷವನ್ನು ಅನುಮಾನದಿಂದ ತಳ್ಳಿಹಾಕುವುದು ತರ್ಕಶಾಸ್ತ್ರದಲ್ಲಿ ನಿಷಿದ್ಧ; ಇಎಂಐ ಕಟ್ಟುವವನಿಗೆ ವಿನಾಯಿತಿ ಇರಬಹುದು.

ಈಗ ಪೂರ್ವಪಕ್ಷ. ಪೂರ್ವಪಕ್ಷಿ ಮನೆಯ ಅಜ್ಜಿ. “ಕೈ ಹೋಗಲಾರದ ಭಾಂಡೆದಾಗ ನೀರು ಯಾಕ ತುಂಬಬೇಕ್ರಿ ಮಾಸ್ತರ?” ಎಂಬುದು ಆಕೆಯ ಏಕೈಕ ಸೂತ್ರ. ಈ ಸೂತ್ರಕ್ಕೆ ಭಾಷ್ಯ ಬೇಡ, ದೀಪಾವಳಿ ಸಾಕು. ನೀರು ತುಂಬುವ ಹಬ್ಬದ ಸಂಜೆ ಬಚ್ಚಲ ಹಂಡೆಯನ್ನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಜಳಕ. ಯಾವ ಕಂಪನಿಯ ಕೈಪಿಡಿಯೂ ತನ್ನ ತೊಟ್ಟಿಯ ವಾರ್ಷಿಕ ನಿರ್ವಹಣೆಯನ್ನು ಇಷ್ಟು ಜೋರಾಗಿ ಜಾರಿಗೆ ತಂದಿಲ್ಲ. ಬೋಲ್ಟು ಬಿಗಿಯಲು ಮರೆಯುವ ಜನ ಹಬ್ಬ ಮರೆಯುವುದಿಲ್ಲ.

ಆದರೆ ಅತಿವ್ಯಾಪ್ತಿ ದೋಷ ಅಲ್ಲೇ ಹೊಕ್ಕಿತು. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಕಿಲುಬನ್ನು ಕರಗಿಸುತ್ತದೆ, ಇಟ್ಟಿಗೆ ಪುಡಿ ಕೆರೆದು ತೆಗೆಯುತ್ತದೆ. ತಾಮ್ರ ಎರಡನ್ನೂ ತಾಳುತ್ತದೆ. ಹೊಸ ತೊಟ್ಟಿಯ ಮೈ ಅಕ್ರಿಲಿಕ್. ಅದಕ್ಕೆ ಇಟ್ಟಿಗೆ ಪುಡಿ, ಬೂದಿ, ತೆಂಗಿನ ನಾರು ಮುಟ್ಟಿಸಿದರೆ ಮಿರುಗು ಹೋಗಿ ಗೀರು ಉಳಿಯುತ್ತದೆ, ಗೀರಿನಲ್ಲಿ ಕೊಳೆ ಮನೆ ಮಾಡುತ್ತದೆ. ಅಜ್ಜಿ ಹಂಡೆಗೆ ಮಾಡಿದ್ದನ್ನೆಲ್ಲ ಭೇದವಿಲ್ಲದೆ ತೊಟ್ಟಿಗೂ ಮಾಡಿದಳು, ಕೆಮ್ಮಣ್ಣಿನ ಪಟ್ಟೆಯೂ ಸೇರಿ. ನರಕ ಚತುರ್ದಶಿಯ ಬೆಳಗ್ಗೆ ಮೊಮ್ಮಗ ಮೈತುಂಬ ಎಣ್ಣೆ ಹಚ್ಚಿಕೊಂಡು, ಸೀಗೆಪುಡಿ ಸುರಿದುಕೊಂಡು ಗುಂಡಿ ಒತ್ತಿದ. ಸೀಗೆಯ ಸಹಜ ನೊರೆ ಜೆಟ್ಟಿನ ಗಾಳಿ ಸೇರಿದಾಗ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಪಡಸಾಲೆಯಲ್ಲಿ ಕೂತಿದ್ದ ಬೀಗರು ಸಾಕ್ಷಿ. ಕರಗದೆ ಉಳಿದ ಪುಡಿ, ಎಣ್ಣೆಯ ಜೊತೆ ಪೈಪಿನೊಳಗೆ ಲೇಹ್ಯವಾಯಿತು. ನರಕಾಸುರ ಆ ದಿನ ಸತ್ತನೆಂಬ ಐತಿಹ್ಯವನ್ನು ಪ್ರಬಂಧಕಾರ ಈಗ ಸಂಶಯದಿಂದ ನೋಡುತ್ತಾನೆ.

ಉತ್ತರಪಕ್ಷಕ್ಕೆ ಆಧಾರ, ತೊಟ್ಟಿಯ ಜೊತೆ ಬಂದ ಕೈಪಿಡಿ. ಬಾದಾಮಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕಾಲದ, 8ನೆಯ ಶತಮಾನದ ಕನ್ನಡ ಶಾಸನ ಸಿಕ್ಕಿರುವ ಊರಿದು. ಜಿನಾಲಯಕ್ಕೆ ಕೊಟ್ಟ ದಾನ ಕಲ್ಲಿನ ಮೇಲಿದೆ, ವಿದ್ವಾಂಸರು ಬಂದು ಓದಿದ್ದಾರೆ. ಕೈಪಿಡಿಗೆ ಆ ಭಾಗ್ಯವಿಲ್ಲ. ಪ್ಲಾಸ್ಟಿಕ್ ಕವರು ಒಡೆಯದೆ, ಟ್ರ್ಯಾಕ್ಟರಿನ ಕಾಗದಪತ್ರದ ಜೊತೆ ಟಿಜೋರಿಯಲ್ಲಿತ್ತು. ಅದನ್ನು ಮೊದಲ ಬಾರಿಗೆ ಪರಿಷ್ಕರಿಸಿ ಇಲ್ಲಿ ಕೊಡಲಾಗಿದೆ.

ತಿಂಗಳಿಗೊಮ್ಮೆ, ಎಲ್ಲಕ್ಕೂ ಮೇಲಿನ ಜೆಟ್ ಮುಳುಗಿ ಮೂರು ಬೆರಳು ಹೆಚ್ಚಾಗುವಂತೆ ಬಿಸಿನೀರು ತುಂಬಬೇಕು. ಕಡಿಮೆ ನೊರೆಯ ಡಿಶ್‌ವಾಷರ್ ಪುಡಿ ಎರಡು ದೊಡ್ಡ ಚಮಚ. ಪಾತ್ರೆ ತಿಕ್ಕುವ ಸೋಪಿನ ನೀರು ಬೇಡ, ಬೀಗರು ಇನ್ನೂ ಮರೆತಿಲ್ಲ. ಗಾಳಿಯ ಗುಂಡಿ ಮುಚ್ಚಿ, ನೀರಷ್ಟೇ ತಿರುಗುವಂತೆ ಹದಿನೈದು ನಿಮಿಷ ಮೋಟಾರು ಓಡಿಸಿ, ನೀರು ಹೊರಬಿಡಬೇಕು. ಮತ್ತೆ ತಣ್ಣೀರು ತುಂಬಿ ಹತ್ತು ನಿಮಿಷ. ಜೆಟ್ ಮುಳುಗದೆ ಮೋಟಾರು ಓಡಿಸಿದರೆ ಸೀಲು ಸುಡುತ್ತದೆ. ಒಣ ಬಾವಿಯಲ್ಲಿ ಪಂಪು ಸುಟ್ಟುಕೊಂಡ ಊರಿಗೆ ಇದನ್ನು ವಿವರಿಸುವುದು ಅಧಿಕಪ್ರಸಂಗ. ಬೋರಿನ ಗಡಸು ನೀರು ಜೆಟ್ಟಿನ ಮೂತಿಗೆ ಕಟ್ಟಿದ ಬಿಳಿ ಹೊಪ್ಪಳಕ್ಕೆ ವಿನೆಗರ್ ಅಥವಾ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಶ್. ನೀರು ಎಳೆಯುವ ಜಾಲರಿ ಬಿಚ್ಚುವ ಮುನ್ನ ಮೇನ್ ಸ್ವಿಚ್ ಇಳಿಸಬೇಕು. ಜಾಲರಿಯಿಲ್ಲದ ತೊಟ್ಟಿಗೆ ಯಾರೂ ಇಳಿಯಕೂಡದು, ಅದು ಕೂದಲನ್ನೂ ಎಳೆಯುತ್ತದೆ. ಇದಿಷ್ಟು ಹಾಸ್ಯವಲ್ಲ.

ಇನ್ನು ಗಣಿತ. ಜಲಜೀವನ ಮಿಷನ್ ಹಳ್ಳಿಯ ಮನುಷ್ಯನೊಬ್ಬನಿಗೆ ದಿನಕ್ಕೆ ಇಟ್ಟಿರುವ ಲೆಕ್ಕ 55 ಲೀಟರ್. ತೊಟ್ಟಿ 250 ಲೀಟರಿನದೆಂದು ಹಿಡಿಯಿರಿ. ಸ್ವಚ್ಛಗೊಳಿಸಲು ಎರಡು ತುಂಬು, 500 ಲೀಟರ್. ಒಬ್ಬ ಮನುಷ್ಯನ ಒಂಬತ್ತು ದಿನದ ನೀರು. ಇನ್ನೂ ಯಾರ ಮೈಯೂ ಒದ್ದೆಯಾಗಿಲ್ಲ. ಅಜ್ಜಿ ಈ ನೀರನ್ನು ಬಾಳೆಗಿಡಕ್ಕೆ ಬಿಡಬೇಕೆಂದಳು. ಮೊದಲನೆಯದು ಬೇಡ, ಎರಡನೆಯದನ್ನು ಬಿಡಬಹುದೆಂದು ತೀರ್ಮಾನಿಸಲಾಯಿತು. ಪ್ರಬಂಧದಲ್ಲಿ ಉಭಯಪಕ್ಷಗಳೂ ಒಪ್ಪಿದ ವಾಕ್ಯ ಇದೊಂದೇ.

ಬೇಸಿಗೆಯಲ್ಲಿ ತೊಟ್ಟಿಗೆ ಭತ್ತದ ಹುಲ್ಲು ಹಾಸಿ ಆಪೂಸು ಮಾವು ಹಣ್ಣಿಗೆ ಹಾಕುವ ಇನ್ನೊಂದು ಸಂಪ್ರದಾಯ ಈಚೆಗೆ ಬೆಳೆದಿದೆ. ಪೈಪು ಒಣಗುವುದರಿಂದ ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಉತ್ತಮ ನಿರ್ವಹಣೆಯಿಲ್ಲ. ಹುಲ್ಲಿನ ಎಳೆ ಜಾಲರಿಗೆ ಸಿಗದಂತೆ ನೋಡಿಕೊಂಡರಾಯಿತು.

ಕೊನೆಗೆ ಒಂದು ನಿಷೇಧ. ಬ್ಲೀಚು ಒಳ್ಳೆಯದು, ವಿನೆಗರೂ ಒಳ್ಳೆಯದು. ಎರಡನ್ನೂ ಒಟ್ಟಿಗೆ ಸುರಿದರೆ ಇನ್ನೂ ಒಳ್ಳೆಯದೆಂಬುದು ಮಗನ ಮತ. ಹಾಗೆ ಸುರಿದರೆ ಏಳುವುದು ಕ್ಲೋರಿನ್ ಅನಿಲ. ಜಕೂಜಿಗಳು ಅಂಗಡಿ ತೆರೆದ ಅದೇ 1915ರಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ನರು ಎದುರಾಳಿಗಳ ಕಂದಕಗಳ ಮೇಲೆ ಬಿಟ್ಟದ್ದೂ ಅದನ್ನೇ. ಆದ್ದರಿಂದ ಶಾಸನಕಾರರ ರೂಢಿಯಂತೆ ಶಾಪಾಶಯ: ಈ ಧರ್ಮವನ್ನು ತಪ್ಪದೆ ನಡೆಸಿದವರಿಗೆ ತಡೆಯಿಲ್ಲದ ಕರೆಂಟು ದೊರೆಯಲಿ. ಎರಡನ್ನೂ ಬೆರೆಸಿದವನು, ಒಣ ತೊಟ್ಟಿಯಲ್ಲಿ ಮೋಟಾರು ಹಚ್ಚಿದವನು, ಸ್ನಾನ ಮಾಡಿ ತಿಕ್ಕದೆ ಎದ್ದುಹೋದವನು ಯಾರೇ ಆಗಲಿ, ಅವನ ಬೀಗರು ದೀಪಾವಳಿಗೆ ನಾಲ್ಕು ದಿನ ಮೊದಲೇ ಬರಲಿ, ಎಲ್ಲರೂ ಎಣ್ಣೆ ಹಚ್ಚಿಕೊಂಡೇ ಇಳಿಯಲಿ, ತೂಬು ಕಟ್ಟಿದ ಗಳಿಗೆಯಲ್ಲಿ ಅಜ್ಜಿ ಮಗಳ ಮನೆಗೆ ಹೋಗಿರಲಿ.